ಫಿರೋಜಾಬಾದಿನ ನಕ್ಷೆ: ಹಮಾಮು ಮುಗಿಯಿತು, ಹೊಳೆಯ ಬದಿ ಉಳಿಯಿತು

ಕಲಬುರಗಿಯಿಂದ ಜೇವರ್ಗಿಯ ಕಡೆಗೆ ಸುಮಾರು 28 ಕಿಲೋಮೀಟರ್ ದೂರದಲ್ಲಿ, ಭೀಮಾ ನದಿಯ ಪೂರ್ವ ದಂಡೆಯ ಮೇಲಿರುವ ಫಿರೋಜಾಬಾದಿನ ಹಾಳು ಪಟ್ಟಣವನ್ನು ಅಳೆದು ಕಾಗದಕ್ಕೆ ಇಳಿಸುವ ನಮ್ಮ ಹವ್ಯಾಸದ ಕೆಲಸ ಈ ಚಳಿಗಾಲದಲ್ಲಿ ಸಾಕಷ್ಟು ಮುಂದೆ ಸಾಗಿದೆ. ಪೂರ್ವದ ಕೋಟೆಗೋಡೆಯ ಒಂದು ಭಾಗ, ಜಾಮಿ ಮಸೀದಿಯ ಅಂಗಳ ಮತ್ತು ಒಂದು ಹಮಾಮಿನ, ಅಂದರೆ ಸ್ನಾನಗೃಹದ, ತಳನಕ್ಷೆ ಸಿದ್ಧವಾಗಿವೆ. ಅರಮನೆಯ ಆವರಣ ಅರ್ಧಕ್ಕೆ ನಿಂತಿದೆ.

ಕಲಬುರಗಿಯ ಕೋಟೆ, ಬೀದರಿನ ಕೋಟೆ ಎರಡೂ ಕಣ್ಣೆದುರಿಗೇ ಇರುವಾಗ ಇದನ್ನೇ ಏಕೆ ಆರಿಸಿಕೊಂಡಿರಿ ಎಂದು ಕೇಳುವವರಿದ್ದಾರೆ. ಆ ಎರಡೂ ಕೋಟೆಗಳಲ್ಲಿ ಬಹಮನಿಗಳ ಗೋಡೆಯ ಮೇಲೆ ಅನಂತರದವರು ಕಟ್ಟಿದ್ದಾರೆ, ಒಡೆದಿದ್ದಾರೆ, ತಿದ್ದಿದ್ದಾರೆ. ಯಾವ ಕಮಾನು ಯಾರ ಕಾಲದ್ದು ಎಂದು ಬಿಡಿಸಿ ಹೇಳುವುದು ಪಳಗಿದವರಿಗೂ ಸುಲಭವಲ್ಲ. ಫಿರೋಜಾಬಾದು ಹಾಗಲ್ಲ. 1397ರಲ್ಲಿ ಪಟ್ಟಕ್ಕೆ ಬಂದ ಫಿರೋಜ್ ಶಹಾ ಬಹಮನಿ 1400ರ ಸುಮಾರಿಗೆ ಇದಕ್ಕೆ ಅಡಿಪಾಯ ಹಾಕಿಸಿದ. 1422ರಲ್ಲಿ ತಮ್ಮ ಅಹಮದ್ ಶಹಾನಿಗೆ ಗದ್ದುಗೆ ಬಿಟ್ಟುಕೊಟ್ಟು ಅದೇ ವರ್ಷ ತೀರಿಕೊಂಡ. ಅಹಮದ್ ಶಹಾ ರಾಜಧಾನಿಯನ್ನು ಬೀದರಿಗೆ ಒಯ್ದ ಮೇಲೆ ಈ ಪಟ್ಟಣಕ್ಕೆ ಮೊದಲಿನ ವೈಭವ ಮರಳಲಿಲ್ಲ. ಹೀಗಾಗಿ ಇಲ್ಲಿ ನಿಂತಿರುವುದರಲ್ಲಿ ಬಹುಪಾಲು ಒಬ್ಬನೇ ಅರಸನ ಆಳ್ವಿಕೆಯ ಕಟ್ಟಡಶೈಲಿ. ಅಳತೆಯ ಗೀಳು ಹಿಡಿದವರಿಗೆ ಇಂಥ ಜಾಗ ಸುಲಭಕ್ಕೆ ಸಿಗುವುದಿಲ್ಲ.

ಕೋಟೆಯ ಗೋಡೆ ಉತ್ತರ, ಪೂರ್ವ, ದಕ್ಷಿಣ ಮೂರು ದಿಕ್ಕುಗಳಲ್ಲಿ, ಒಂದೊಂದು ಬದಿಯೂ ಹೆಚ್ಚುಕಡಿಮೆ ಒಂದು ಕಿಲೋಮೀಟರ್‌ನಷ್ಟು ಹರಡಿಕೊಂಡಿದೆ. ಪಶ್ಚಿಮಕ್ಕೆ ಭೀಮೆಯೇ ಕಾವಲು. ಗೋಡೆಯ ಗುಂಟ ಹುಡೆಗಳು (ಬುರುಜುಗಳು), ನಡುನಡುವೆ ಕಮಾನಿನ ಅಗಸಿಗಳು (ಹೆಬ್ಬಾಗಿಲುಗಳು). ಕೋಟೆಯೊಳಗೂ ಸುತ್ತಲೂ ಎರೆಹೊಲಗಳಿರುವುದರಿಂದ ಅಳತೆಯ ಕಾಲವನ್ನು ಬೆಳೆಯೇ ಗೊತ್ತು ಮಾಡುತ್ತದೆ. "ತೊಗರಿ ಕೊಯ್ದ ಮ್ಯಾಲ ಬರ್ರಿ ಸರ್, ಆಗ ಗ್ವಾಡಿ ಪೂರಾ ಕಾಣ್ತದ" ಎಂದು ಹೊಲದ ಯಜಮಾನರೊಬ್ಬರು ಹೇಳಿದ್ದರು. ಆ ಮಾತು ಅಕ್ಷರಶಃ ನಿಜವಾಯಿತು: ಆಳೆತ್ತರದ ತೊಗರಿ ಕಟಾವಾದ ಮೇಲೆ, ಎರಡು ಹುಡೆಗಳ ನಡುವೆ ಅಡ್ಡಿಯಿಲ್ಲದೆ ಟೇಪು ಎಳೆಯಲು ಬಂತು. ಬಳ್ಳಾರಿ ಜಾಲಿಗೆ ಮಾತ್ರ ಯಾವ ಕಟಾವೂ ಇಲ್ಲ. ಅದು ಮುತ್ತಿರುವ ಕಡೆ ನಕ್ಷೆಯಲ್ಲಿ ಚುಕ್ಕೆಗೆರೆ ಹಾಕಿದ್ದೇವೆ.

ಜಾಮಿ ಮಸೀದಿಯ ವಿಶೇಷ ತಿಳಿಯಬೇಕಾದರೆ ಕಲಬುರಗಿ ಕೋಟೆಯೊಳಗಿನ 1367ರ ಜಾಮಿ ಮಸೀದಿಯನ್ನು ನೆನೆಯಬೇಕು. ಅಲ್ಲಿ ಅಂಗಳವೇ ಇಲ್ಲ. ಇಡೀ ಕಟ್ಟಡ ಗುಮ್ಮಟಗಳ ಚಾವಣಿಯ ಕೆಳಗಿದೆ. ಒಂದು ತಲೆಮಾರಿನ ಅನಂತರ, ಅದೇ ಮನೆತನದ ಅರಸ, ಇಲ್ಲಿ ವಿಶಾಲವಾದ ಬಯಲು ಅಂಗಳವಿಟ್ಟು ಕಟ್ಟಿಸಿದ್ದಾನೆ. ಪ್ರಾರ್ಥನೆಯ ಭಾಗದ ಚಾವಣಿ ಬಿದ್ದುಹೋಗಿದ್ದರೂ ಗುಮ್ಮಟ ಹೊತ್ತ ಪ್ರವೇಶದ್ವಾರ ಉಳಿದಿದೆ. ಮಸೀದಿಯ ಹಿಂಬದಿಗೆ, ನದಿಯತ್ತ, ಅರಮನೆಯ ಆವರಣವಿದೆ.

ಹೆಚ್ಚಿನ ಸಮಯವನ್ನು ತೆಗೆದುಕೊಂಡದ್ದು ಹಮಾಮು. ದಖ್ಖನಿನಲ್ಲಿ ಉಳಿದಿರುವ ಅರಸುಮನೆಯ ಸ್ನಾನಗೃಹಗಳಲ್ಲಿ ಇಲ್ಲಿನವು ಅತ್ಯಂತ ಹಳೆಯವೆಂದು ವಿದ್ವಾಂಸರು ಗುರುತಿಸಿದ್ದಾರೆ. ಶಾಖ ಹೊರಗೆ ಹೋಗಬಾರದೆಂಬ ಒಂದೇ ಉದ್ದೇಶ ಕಟ್ಟಡದ ಮೈಯೆಲ್ಲ ಕಾಣುತ್ತದೆ: ಗೋಡೆಗಳು ದಪ್ಪ, ಕೋಣೆಯಿಂದ ಕೋಣೆಗೆ ಹೋಗುವ ಬಾಗಿಲು ಕಿರಿದು, ಬೆಳಕಿಗೆ ಚಾವಣಿಯಲ್ಲಿ ಬಿಟ್ಟ ಕಿಂಡಿಯೇ ಗತಿ. ನೆಲ ಹೂಳು ಮಣ್ಣಿನಡಿ ಮುಚ್ಚಿಹೋಗಿರುವುದರಿಂದ ಎತ್ತರವನ್ನು ನೆಲದಿಂದ ಅಳೆಯುವಂತಿಲ್ಲ. ಅಗೆದು ನೋಡುವುದು ನಮ್ಮ ಕೆಲಸವೂ ಅಲ್ಲ, ಹಕ್ಕೂ ಅಲ್ಲ. ಆದ್ದರಿಂದ ಗೌಂಡಿಗಳು ಬಳಸುವ ನೀರು ತುಂಬಿದ ಲೆವೆಲ್ ಪೈಪನ್ನು ಹಿಡಿದು, ಕೋಣೆಯ ನಾಲ್ಕೂ ಗೋಡೆಗಳಿಗೆ ಒಂದೇ ಮಟ್ಟದಲ್ಲಿ ದಾರ ಕಟ್ಟಿ, ಆ ದಾರದಿಂದ ಮೇಲಿನದನ್ನೂ ಕೆಳಗಿನದನ್ನೂ ಬೇರೆ ಬೇರೆ ಬರೆದುಕೊಂಡೆವು. ಬಳಿಕ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಅಳೆದು ಕೋಣೆ ಎಷ್ಟರಮಟ್ಟಿಗೆ ಚೌಕವಾಗಿದೆ ಎಂದು ಪರೀಕ್ಷಿಸಿ, ಕಿಂಡಿಯ ನಡುವಿನಿಂದ ತೂಗುಗುಂಡು ಇಳಿಬಿಟ್ಟು, ಅದು ಕರ್ಣಗಳು ಕೂಡುವ ಬಿಂದುವಿಗೆ ಎಷ್ಟು ಹತ್ತಿರ ಬರುತ್ತದೆ ಎಂದು ನೋಡಿದೆವು. ಬೆರಳಗಲದ ವ್ಯತ್ಯಾಸವಷ್ಟೇ ಬಂತು. ಆರು ಶತಮಾನಗಳ ಮಳೆಬಿಸಿಲನ್ನು ಕಂಡ, ಮೇಲೆ ಹುಲ್ಲು ಬೆಳೆದ ಚಾವಣಿಗೆ ಇದು ಸಣ್ಣ ಮಾತಲ್ಲ.

ಚೌಕ ಗೋಡೆಯ ಮೇಲೆ ದುಂಡು ಗುಮ್ಮಟವನ್ನು ಕೂರಿಸುವ ಉಪಾಯವೂ ಇಲ್ಲಿ ಹತ್ತಿರದಿಂದ ನೋಡಲು ಸಿಗುತ್ತದೆ. ಪ್ರತಿ ಮೂಲೆಗೂ ಓರೆಯಾಗಿ ಸಣ್ಣ ಕಮಾನು ಹಾಯಿಸಿದರೆ ಚೌಕವು ಎಂಟು ಮೂಲೆಯದಾಗುತ್ತದೆ. ಅಲ್ಲಿಂದ ವೃತ್ತಕ್ಕೆ ಹೋಗಲು ಉಳಿಯುವ ಸಂದನ್ನು ಕಲ್ಲಿನ ಚೂರು ಮತ್ತು ಗಚ್ಚಿನಿಂದ ತುಂಬಿದರಾಯಿತು. ಗಚ್ಚು ಉದುರಿದ ಒಂದು ಮೂಲೆಯಲ್ಲಿ ಆ ಚೂರುಗಳನ್ನು ಅಡ್ಡಡ್ಡವಾಗಿ ಪದರಪದರವಾಗಿ ಇಟ್ಟಿರುವುದು ಬಿಚ್ಚಿ ತೋರಿಸಿದಂತೆ ಕಾಣುತ್ತದೆ. ಗುಮ್ಮಟದ ಬದಲು ನಾಲ್ಕು ಇಳಿಜಾರುಗಳು ತುದಿಯಲ್ಲಿ ಕೂಡುವ, ಪಿರಮಿಡ್ಡಿನ ಆಕಾರದ ಚಾವಣಿಗಳೂ ಈ ಪಟ್ಟಣದಲ್ಲಿವೆ. ಅವುಗಳ ಅಡ್ಡಸೀಳು ಚಿತ್ರವನ್ನು ಪ್ರತ್ಯೇಕ ಹಾಳೆಯಲ್ಲಿ ಬರೆಯಲು ತೊಡಗಿದ್ದೇವೆ.

ಇನ್ನು ನದಿಯ ಬದಿ. ಅರಸ ತನ್ನ ಅರಮನೆಯನ್ನು ನೀರಿನತ್ತ ಇಟ್ಟುಕೊಂಡ ಮೇಲೆ ಪಟ್ಟಣದ ಮುಖ ಯಾವುದು, ಪೂರ್ವದ ಅಗಸಿಯೋ ಪಶ್ಚಿಮದ ದಂಡೆಯೋ ಎಂಬ ಪ್ರಶ್ನೆಗೆ ಆ ಅಂಚನ್ನು ಅಳೆಯದೆ ಉತ್ತರ ಹೇಳಲಾಗದು. ದಂಡೆಯೇ ಮುಖವೆಂಬುದು ನನ್ನ ಅನಿಸಿಕೆ, ನಮ್ಮ ತಂಡದ ಉಳಿದವರು ಒಪ್ಪಿಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆಗೆ ಬಂದ ಮಹಾಪೂರವನ್ನು ನೆನೆದರೆ, ಹೊಳೆಯ ಕಡೆಯ ಕಟ್ಟಡಗಳ ದಾಖಲೆಯನ್ನು ಮುಂದೂಡುತ್ತ ಹೋಗುವುದು ಸರಿಯಲ್ಲ. ಏಪ್ರಿಲ್‌ ಹೊತ್ತಿಗೆ ನೀರು ಇಳಿದು ದಂಡೆ ತೆರೆದುಕೊಂಡಾಗ, ಬಿಸಿಲೇರುವ ಮುನ್ನ ಬೆಳಗಿನ ಹೊತ್ತಿನಲ್ಲಿ, ಅರಮನೆಯ ಪಶ್ಚಿಮದ ಗೋಡೆಯಿಂದ ನೀರಿನ ಅಂಚಿನವರೆಗೆ ಇಳಿಜಾರಿನ ಮಟ್ಟವನ್ನು ತೆಗೆಯಲಿದ್ದೇವೆ. ಅದಕ್ಕಾಗಿ ಉದ್ದನೆಯ ಪೈಪನ್ನು ಈಗಾಗಲೇ ತಂದಿಟ್ಟಿದ್ದೇವೆ.