ದಕ್ಷಿಣ ಫ್ರಾನ್ಸಿಗೆ ಮೋಟಾರ್‌ಹೋಮ್: ಮನೆ ಊರಾಚೆ, ಕಾಲು ಊರೊಳಗೆ

ಆಗ್ನೇಯ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ಎಷ್ಟೋ ಹಳ್ಳಿಗಳು ಗುಡ್ಡದ ನೆತ್ತಿಯಲ್ಲಿವೆ. ಅಲ್ಲಿನ ಓಣಿಗಳು ಕತ್ತೆ ಹೋಗುವ ಅಗಲದವು. ಕೆಳಗೆ ಕರಾವಳಿಯಲ್ಲಿ ರಸ್ತೆಯೇನೋ ಅಗಲವಾಗಿದೆ, ಆದರೆ ಬೀಚಿನ ಪಾರ್ಕಿಂಗ್ ಬಾಗಿಲಲ್ಲಿ 1.90 ಅಥವಾ 2 ಮೀಟರ್ ಎತ್ತರಕ್ಕೆ ಕಬ್ಬಿಣದ ಅಡ್ಡಪಟ್ಟಿ ಇರುತ್ತದೆ. ಮೋಟಾರ್‌ಹೋಮುಗಳು, ಅಂದರೆ ಹಾಸಿಗೆ, ಒಲೆ, ಕಕ್ಕಸು ಇರುವ ಮನೆಗಾಡಿಗಳು, ಬರಬಾರದೆಂದೇ ಹಾಕಿರುವ ಪಟ್ಟಿ ಅದು. ಹಾಗಾಗಿ ಗಾಡಿಯನ್ನು ಊರೊಳಗೆ ಒಯ್ಯುವ ಆಸೆಯನ್ನು ಬುಕ್ ಮಾಡುವ ಮೊದಲೇ ಬಿಡಿ. ಊರಾಚೆ ನಿಲ್ಲಿಸಿ ನಡೆದು, ಸೈಕಲ್ಲಿನಲ್ಲಿ ಅಥವಾ ರೈಲಿನಲ್ಲಿ ಒಳಗೆ ಹೋಗುವ ಲೆಕ್ಕದಲ್ಲೇ ಇಡೀ ದಾರಿಯನ್ನು ಹಾಕಿಕೊಳ್ಳಿ.

ಇಬ್ಬರಿಗೆ 6 ಮೀಟರಿನ ವ್ಯಾನ್ ಸಾಕು. ಅಲ್ಲಿ ಅದಕ್ಕೆ ಫೂರ್ಗೋಂ ಎನ್ನುತ್ತಾರೆ. ಅಗಲ 2.05 ಮೀಟರ್, ಎತ್ತರ ಸುಮಾರು 2.6. ಅದೇ ಬಾಡಿಗೆಗೆ 7 ಮೀಟರಿನ ದೊಡ್ಡ ಗಾಡಿ ಕೊಡುತ್ತೇವೆಂದರೂ ಒಪ್ಪಬೇಡಿ. ಅದರ ಅಗಲ 2.3 ಮೀಟರ್, ಮೇಲೆ ಎರಡೂ ಕಡೆ ಕನ್ನಡಿಗಳು. ಹಿಂದಿನ ಚಕ್ರದಾಚೆ ಒಂದೂವರೆ ಎರಡು ಮೀಟರ್ ಬಾಲ ಬೇರೆ. ಎಡಕ್ಕೆ ತಿರುಗಿಸಿದರೆ ಬಾಲ ಬಲಕ್ಕೆ ಬೀಸುತ್ತದೆ. ಪೆಟ್ರೋಲ್ ಬಂಕಿನ ಕಂಬಕ್ಕೆ, ಹಳ್ಳಿಯ ಕಲ್ಲುಗೋಡೆಗೆ ಗಾಡಿ ಉಜ್ಜುವುದು ಹೀಗೆ. ಎತ್ತರ, ಅಗಲ, ಉದ್ದಗಳನ್ನು ಚೀಟಿಯಲ್ಲಿ ಬರೆದು ಸ್ಟೇರಿಂಗ್ ಪಕ್ಕ ಅಂಟಿಸಿ. ಚಾವಣಿಗೆ ಮತ್ತು ತಳಕ್ಕೆ ಬಿದ್ದ ಪೆಟ್ಟು ಎಷ್ಟೋ ಬಾಡಿಗೆ ವಿಮೆಗಳಲ್ಲಿ ಸೇರುವುದಿಲ್ಲ. ಸಹಿ ಹಾಕುವ ಮೊದಲು ಆ ಸಾಲನ್ನು ಹುಡುಕಿ ಓದಿ.

ಕರ್ನಾಟಕದಿಂದ ಹೋಗುವವರು ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಬೇಕು. ಅದರ ಅವಧಿ ಹೆಚ್ಚೆಂದರೆ ಒಂದು ವರ್ಷ. ಜೊತೆಗೆ ಮೂಲ ಲೈಸೆನ್ಸೂ ಇರಲಿ, ಒಂದಿದ್ದು ಇನ್ನೊಂದಿಲ್ಲದಿದ್ದರೆ ನಡೆಯದು. ಗಾಡಿಯ ತುಂಬಿದ ತೂಕ 3,500 ಕೆ.ಜಿ. ಒಳಗಿರಲಿ. ಅಲ್ಲಿ ಮಾಮೂಲಿ ಕಾರಿನ ಲೈಸೆನ್ಸಿಗೆ ಮಿತಿ ಅದೇ. ಷೆಂಗನ್ ವೀಸಾಕ್ಕೆ ಕನಿಷ್ಠ 30,000 ಯುರೋ ರಕ್ಷಣೆಯ ಪ್ರವಾಸ ವಿಮೆ ಬೇಕು. ಹೋಟೆಲ್ ಬುಕಿಂಗ್ ಇರುವುದಿಲ್ಲವಾದ್ದರಿಂದ ಗಾಡಿಯ ಬಾಡಿಗೆ ಕರಾರು, ಕೆಲವು ಕ್ಯಾಂಪ್‌ಸೈಟ್ ಬುಕಿಂಗ್, ದಿನವಾರು ಪಟ್ಟಿ ಈ ಮೂರನ್ನೂ ಅರ್ಜಿಯ ಜೊತೆ ಇಡಿ. ಗಾಡಿಯ ಠೇವಣಿಗೆ ಕ್ರೆಡಿಟ್ ಕಾರ್ಡಿನಲ್ಲಿ ಸಾವಿರಾರು ಯುರೋ ತಡೆಹಿಡಿಯುತ್ತಾರೆ. ಕಾರ್ಡಿನ ಮಿತಿಯನ್ನು ನೋಡಿಕೊಂಡು, ವಿದೇಶಿ ಬಳಕೆಯನ್ನು ಬ್ಯಾಂಕಿನ ಆ್ಯಪಿನಲ್ಲಿ ಆನ್ ಮಾಡಿ ಹೊರಡಿ. ಒಟಿಪಿ ಬರುವ ಸಿಮ್ಮಿಗೆ ರೋಮಿಂಗ್ ಇರಲಿ. ಭಾನುವಾರ ಆಳಿಲ್ಲದ ಬಂಕಿನ ಮುಂದೆ ನಿಂತು ಪಿನ್ ನೆನಪಿಸಿಕೊಳ್ಳುವುದು ಬೇಡ.

ಅಡುಗೆ ಸಾಮಾನು ಒಯ್ಯುವವರಿಗೆ ಒಂದು ಮಾತು. ಐರೋಪ್ಯ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವಂತಿಲ್ಲ. ಅಂದರೆ ತುಪ್ಪ, ಪೇಡ ಎರಡೂ ಇಲ್ಲ. ಹಸಿ ಕರಿಬೇವೂ ಇಲ್ಲ. ಸಾರಿನ ಪುಡಿ, ಚಟ್ನಿಪುಡಿ, ಬೇಳೆ ತೊಂದರೆಯಿಲ್ಲ. ಅಲ್ಲಿಯ ಉಪ್ಪಿಲ್ಲದ ಬೆಣ್ಣೆ ಕಾಯಿಸಿದರೆ ಒಳ್ಳೆಯ ತುಪ್ಪವಾಗುತ್ತದೆ. ಯಾವ ಸೂಪರ್‌ಮಾರ್ಕೆಟ್ಟಿನಲ್ಲೂ ಸಪ್ಪೆ ಯೋಗರ್ಟ್ ಸಿಗುವುದರಿಂದ ಮೊಸರನ್ನಕ್ಕೆ ಬರವಿಲ್ಲ. ಕುಕ್ಕರ್ 3 ಲೀಟರಿಗಿಂತ ದೊಡ್ಡದು ಬೇಡ, ಒಲೆಯ ಮೇಲಿನ ಜಾಗ ಅಷ್ಟೇ. ಒಗ್ಗರಣೆಗೆ ಮೊದಲು ಚಾವಣಿಯ ಕಿಂಡಿ ತೆರೆಯದಿದ್ದರೆ ಹೊಗೆಯ ಅಲಾರಂ ಕೂಗುತ್ತದೆ, ಇಂಗಿನ ವಾಸನೆ ಹಾಸಿಗೆಗೆ ಹಿಡಿಯುತ್ತದೆ, ಕೊನೆಗೆ ಶುಚಿಗೊಳಿಸಿದ ಬಿಲ್ಲು ಬರುತ್ತದೆ.

ರಾತ್ರಿ ಎಲ್ಲಿ

ಮೂರು ಬಗೆಯ ತಾಣಗಳಿವೆ. ಮೊದಲನೆಯದು ಏರ್: ಮೋಟಾರ್‌ಹೋಮುಗಳಿಗೆಂದೇ ಊರಾಡಳಿತಗಳು ಮಾಡಿರುವ ನಿಲ್ದಾಣ. ನೀರು, ಬಚ್ಚಲ ನೀರು ಬಿಡುವ ಜಾಲರಿ, ಶೌಚದ ಕ್ಯಾಸೆಟ್ (ಕಮೋಡಿನ ಅಡಿಯಲ್ಲಿ ಮಲ ಸೇರುವ ಪೆಟ್ಟಿಗೆ) ಖಾಲಿ ಮಾಡುವ ಜಾಗ ಅಲ್ಲಿರುತ್ತವೆ. ಕೆಲವು ಪುಕ್ಕಟೆ, ಹೆಚ್ಚಿನವು ರಾತ್ರಿಗೆ ಸುಮಾರು 8ರಿಂದ 15 ಯುರೋ. ಕಾಂಪಿಂಗ್-ಕಾರ್ ಪಾರ್ಕ್ ಜಾಲದ ಏರ್‌ಗಳಲ್ಲಿ ಗೇಟು ತೆರೆಯಲು ಅವರದೇ ಕಾರ್ಡ್ ಬೇಕು. ಅದನ್ನು ಮೊದಲ ದಿನವೇ ಮಾಡಿಸಿಕೊಳ್ಳಿ. ಎರಡನೆಯದು ಫ್ರಾನ್ಸ್ ಪಾಸಿಯೋಂ. ವರ್ಷದ ಚಂದಾ ಕಟ್ಟಿದರೆ ದ್ರಾಕ್ಷಿತೋಟ, ಆಲಿವ್ ತೋಟ, ಆಡಿನ ಚೀಸ್ ಮಾಡುವವರ ಅಂಗಳದಲ್ಲಿ ಒಂದು ರಾತ್ರಿ ಪುಕ್ಕಟೆ ನಿಲ್ಲಬಹುದು. ಕೊಳ್ಳಲೇಬೇಕೆಂಬ ಒತ್ತಾಯವಿಲ್ಲ, ಆದರೆ ಬಂದ ಕೂಡಲೇ ಹೋಗಿ ನಮಸ್ಕಾರ ಹೇಳಬೇಕು. ಶೌಚ ಮತ್ತು ಬಚ್ಚಲ ನೀರು ಗಾಡಿಯೊಳಗೇ ಉಳಿಯಬೇಕು. ಮೂರನೆಯದು ಕ್ಯಾಂಪ್‌ಸೈಟ್. ಎರಡು ಮೂರು ರಾತ್ರಿ ಮೊದಲಿನ ತಾಣಗಳಲ್ಲಿ ಕಳೆದು, ಒಂದು ರಾತ್ರಿ ಕ್ಯಾಂಪ್‌ಸೈಟಿಗೆ ಬಂದು ಬಟ್ಟೆ ಒಗೆದು, ಮನಸಾರೆ ಸ್ನಾನ ಮಾಡಿ, ಬ್ಯಾಟರಿ ತುಂಬಿಸಿಕೊಳ್ಳುವುದು ಒಳ್ಳೆಯ ಲಯ.

ಕಡಲ ದಂಡೆಯಲ್ಲಿ ಎಲ್ಲೆಂದರಲ್ಲಿ ಬಿಡಾರ ಹೂಡುವುದಕ್ಕೆ ನಿಷೇಧವಿದೆ. ಸಾಮಾನ್ಯ ಪಾರ್ಕಿಂಗಿನಲ್ಲಿ ನಿಂತಾಗಲೂ ಹೊರಗೆ ಕುರ್ಚಿ ಹಾಕಿದರೆ, ನೆರಳಿನ ಪರದೆ ಬಿಚ್ಚಿದರೆ ಅದು ‘ಪಾರ್ಕಿಂಗ್’ ಹೋಗಿ ‘ಕ್ಯಾಂಪಿಂಗ್’ ಆಗುತ್ತದೆ, ದಂಡ ಬೀಳುತ್ತದೆ. ಹೆದ್ದಾರಿಯ ವಿಶ್ರಾಂತಿ ತಾಣಗಳಲ್ಲಿ ಮಲಗಬೇಡಿ, ಕಳ್ಳರ ಕಾಟವಿದೆ. ಎಚ್ಚರವಿರಬೇಕಾದ ಇನ್ನೊಂದು ಸಂಗತಿ ಸಂತೆ ದಿನ. ಹಳ್ಳಿಯ ಚೌಕದಲ್ಲಿ ನೆಮ್ಮದಿಯಾಗಿ ಮಲಗಿದವರ ಗಾಡಿಯನ್ನು ಬೆಳಗಿನ ಜಾವ ಕ್ರೇನ್ ಎಳೆದೊಯ್ಯಬಹುದು. ಫಲಕದಲ್ಲಿ ‘ಮಾರ್ಶೆ’ (ಸಂತೆ) ಎಂಬ ಪದ, ವಾರದ ಹೆಸರು ಇದೆಯೇ ನೋಡಿ. ಸೇಂ-ರೆಮಿಯ ಸಂತೆ ಬುಧವಾರ, ಲೂರ್ಮಾರಾಂ ಶುಕ್ರವಾರ, ಆಪ್ಟ್ ಶನಿವಾರ, ಲಿಲ್-ಸುರ್-ಲಾ-ಸೋರ್ಗ್ ಭಾನುವಾರ. ಸಂತೆ ಮಧ್ಯಾಹ್ನ ಒಂದರ ಹೊತ್ತಿಗೆ ಏಳುತ್ತದೆ, ಹೋಗುವುದಾದರೆ ಒಂಬತ್ತಕ್ಕೇ ಹೋಗಿ.

ಬಚ್ಚಲು, ಕಕ್ಕಸು, ಕರೆಂಟು

ನಮ್ಮವರು ತಪ್ಪುವುದು ಇಲ್ಲೇ ಹೆಚ್ಚು, ಆದರೂ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕ್ಯಾಸೆಟ್ ಹಿಡಿಯುವುದು ಸುಮಾರು 18 ಲೀಟರ್. ಕಾಗದ ಮಾತ್ರ ಬಳಸುವ ಇಬ್ಬರಿಗೆ ಎರಡು ದಿನ, ಕೆಲವೊಮ್ಮೆ ಮೂರು ದಿನ ಬರುತ್ತದೆ. ನೀರು ಬಳಸಿ ತೊಳೆದುಕೊಳ್ಳುವವರಿಗೆ ಒಂದೇ ದಿನ. ಸಣ್ಣ ಲೋಟದಲ್ಲಿ 200 ಮಿ.ಲೀ. ಅಳತೆ ಇಟ್ಟುಕೊಳ್ಳಿ, ಹಗಲು ಹೊತ್ತು ಊರಿನ ಶೌಚಾಲಯ ಬಳಸಿ, ಕ್ಯಾಸೆಟ್ ತುಂಬಿತೆಂದು ದೀಪ ಕೆಂಪಾಗುವ ತನಕ ಕಾಯದೆ ದಿನಾ ಬೆಳಿಗ್ಗೆ ಖಾಲಿ ಮಾಡಿ.

ಖಾಲಿ ಮಾಡುವ ಕ್ರಮ ಹೀಗೆ. ಮೊದಲು ಒಳಗೆ ಕಮೋಡಿನ ಅಡಿಯ ತಟ್ಟೆ ಮುಚ್ಚಿ, ಇಲ್ಲದಿದ್ದರೆ ಹೊರಗಿನಿಂದ ಕ್ಯಾಸೆಟ್ ಜಗ್ಗಿದರೂ ಬರುವುದಿಲ್ಲ. ಹೊರಬಾಗಿಲಿನಿಂದ ಎಳೆದು, ಚಕ್ರದ ಮೇಲೆ ಉರುಳಿಸಿಕೊಂಡು ಹೋಗಿ. ಮೂತಿ ತಿರುಗಿಸಿ, ಮುಚ್ಚಳ ತೆಗೆದು, ಬಗ್ಗಿಸುವಾಗ ಹಿಡಿಯ ಹತ್ತಿರದ ಗಾಳಿಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಗುಂಡಿ ಬಿಟ್ಟರೆ ಗಾಳಿ ಒಳಗೆ ಹೋಗಲು ಜಾಗವಿಲ್ಲದೆ ಗಳಗಳ ಎಂದು ಉಗಿದು ಪ್ಯಾಂಟಿಗೆ ಸಿಡಿಯುತ್ತದೆ. ಎರಡು ಮೂರು ಲೀಟರ್ ನೀರು ಹಾಕಿ ಕುಲುಕಿ ಎರಡು ಸಲ ತೊಳೆಯಿರಿ. ಆಮೇಲೆ 2 ಲೀಟರ್ ನೀರು, ಬಾಟಲಿಯ ಮೇಲೆ ಬರೆದಷ್ಟು ಶೌಚದ ದ್ರಾವಣ. ತೊಳೆಯುವ ನಲ್ಲಿಯ ಮೇಲೆ ‘ನೋಂ ಪೋತಾಬ್ಲ್’ ಎಂದಿರುತ್ತದೆ, ಕುಡಿಯುವ ನೀರಿನದ್ದು ‘ಓ ಪೋತಾಬ್ಲ್’. ಒಂದರ ಪೈಪು ಇನ್ನೊಂದಕ್ಕೆ ತಾಗಿಸಬೇಡಿ.

ಗಾಡಿ ಕೈಗೆ ಬಂದಾಗ ಮುಚ್ಚಳಗಳನ್ನು ಒಂದೊಂದಾಗಿ ತೋರಿಸಲು ಹೇಳಿ. ಡೀಸೆಲ್, ಆ್ಯಡ್‌ಬ್ಲೂ (ಡೀಸೆಲ್ ಹೊಗೆಯನ್ನು ಶುದ್ಧಮಾಡುವ ದ್ರವ), ಕುಡಿಯುವ ನೀರು. ಆ್ಯಡ್‌ಬ್ಲೂ ಮುಚ್ಚಳ ನೀಲಿ, ಕೆಲವು ಗಾಡಿಗಳಲ್ಲಿ ನೀರಿನದೂ ನೀಲಿ. ಒಂದರೊಳಗೆ ಇನ್ನೊಂದು ಸುರಿದರೆ ಪ್ರವಾಸ ಅಲ್ಲಿಗೆ ನಿಂತಿತು. ಬಂಕಿನಲ್ಲಿ ಡೀಸೆಲ್ಲಿಗೆ ‘ಗಾಜೋಲ್’, ‘ಬಿ7’ ಎಂದು ನೋಡಿ ತುಂಬಿ. ಸೂಪರ್‌ಮಾರ್ಕೆಟ್ ಬಂಕುಗಳು ಹೆದ್ದಾರಿ ಬಂಕಿಗಿಂತ ಅಗ್ಗ.

ನೀರಿನ ಟ್ಯಾಂಕ್ ಸುಮಾರು 100 ಲೀಟರ್, ಬಿಸಿನೀರಿನ ಬಾಯ್ಲರ್ ಸಾಮಾನ್ಯವಾಗಿ 10 ಲೀಟರ್. ನೆನೆದು, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ತೆರೆಯುವುದಾದರೆ ಇಬ್ಬರ ಸ್ನಾನ ಆ ಬಾಯ್ಲರಿನಲ್ಲೇ ಮುಗಿಯುತ್ತದೆ. ಏರ್‌ಗಳ ನಲ್ಲಿಗಳ ಮೂತಿ ಬೇರೆಬೇರೆ ಅಳತೆಯವು. ಒಂದು ಪೈಪು ಮತ್ತು ಎರಡು ಮೂರು ಜೋಡಣೆಗಳನ್ನು ಕೇಳಿ ಪಡೆಯಿರಿ.

ಕ್ಯಾಂಪ್‌ಸೈಟಿನ ಕರೆಂಟು ಬಹಳ ಕಡೆ 6 ಆಂಪಿಯರ್. 230 ವೋಲ್ಟಿಗೆ ಗುಣಿಸಿದರೆ 1,380 ವಾಟ್. 2,000 ವಾಟಿನ ಕೆಟಲ್, ಇಂಡಕ್ಷನ್ ಒಲೆ ಹಾಕಿದ ಕ್ಷಣ ಫ್ಯೂಸ್ ಬೀಳುತ್ತದೆ, ಸರಿಮಾಡಲು ಕಚೇರಿ ಬೆಳಿಗ್ಗೆ ತೆರೆಯಬೇಕು. 750 ವಾಟಿನ ಮಿಕ್ಸಿ ನಡೆಯುತ್ತದೆ, ಆದರೆ ಬಾಡಿಗೆ ಗಾಡಿಗಳಲ್ಲಿ ಇನ್ವರ್ಟರ್ ಅಪರೂಪವಾದ್ದರಿಂದ ಏರ್‌ನಲ್ಲಿ ಅದು ಬರಿಯ ಭಾರ. ಸುತ್ತಿಟ್ಟ ವೈರನ್ನು ಪೂರ್ತಿ ಬಿಚ್ಚಿಯೇ ಬಳಸಿ, ಸುರುಳಿಯಲ್ಲೇ ಬಿಟ್ಟರೆ ಕಾಯುತ್ತದೆ. ಫ್ರಿಜ್ ಗ್ಯಾಸಿನದ್ದಾದರೆ ಗಾಡಿ ಸಮತಟ್ಟಾಗಿ ನಿಂತಿರಲೇಬೇಕು, ವಾಲಿದರೆ ತಂಪಾಗದು. ಚಕ್ರದಡಿ ಇಡುವ ಬೆಣೆಗಳು ಇರುವುದು ಇದಕ್ಕಾಗಿಯೇ, ಬರೀ ನಿದ್ದೆಗಲ್ಲ.

ಗಾಳಿ ಮತ್ತು ಬೆಂಕಿ

ಮಿಸ್ತ್ರಾಲ್ ಗಾಳಿ ವಾಯವ್ಯದಿಂದ ಬರುತ್ತದೆ. ಒಂದು ಕಡೆ ಆಲ್ಪ್ಸ್, ಇನ್ನೊಂದು ಕಡೆ ಮಾಸಿಫ್ ಸಾಂತ್ರಾಲ್ ಬೆಟ್ಟಗಳ ನಡುವೆ ರೋನ್ ಕಣಿವೆಯಲ್ಲಿ ಕೊಳವೆಯಲ್ಲಿ ನುಗ್ಗಿದಂತೆ ನುಗ್ಗಿ ಗಂಟೆಗೆ 100 ಕಿ.ಮೀ. ಮುಟ್ಟಬಹುದು. ಆಕಾಶ ಮಾತ್ರ ತಿಳಿನೀಲಿ, ಮೋಡ ನೋಡಿ ಊಹಿಸುವಂತಿಲ್ಲ. ಮುನ್ಸೂಚನೆ ಇದ್ದರೆ ಪರದೆ ಸುತ್ತಿ, ಗಾಡಿಯ ಮೂತಿಯನ್ನು ವಾಯವ್ಯಕ್ಕೆ ಮಾಡಿ ನಿಲ್ಲಿಸಿ. ಬಾಗಿಲು ತೆರೆಯುವಾಗ ಕೈಯಲ್ಲಿ ಹಿಡಿದೇ ತೆರೆಯಿರಿ, ಗಾಳಿ ಕಿತ್ತುಕೊಂಡರೆ ತಿರುಗಣಿಯೇ ಬರುತ್ತದೆ.

ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಬಂದರುನಗರ ಮಾರ್ಸೆ ಸುತ್ತಿನ ಕಾಡುಗಳಿಗೆ ಪ್ರವೇಶ ಕಾಡ್ಗಿಚ್ಚಿನ ಅಪಾಯ ನೋಡಿ ದಿನದಿನಕ್ಕೆ ತೀರ್ಮಾನವಾಗುತ್ತದೆ. ಮರುದಿನದ ನಕಾಶೆ ಹಿಂದಿನ ಸಂಜೆ ಬರುತ್ತದೆ. ಕಲಾಂಕ್ ಕಡಲಕೊರಕಲುಗಳಿಗೆ ನಡೆಯುವ ಆಸೆಯಿದ್ದರೆ ಅದನ್ನು ನೋಡಿಯೇ ಹೊರಡಿ. ಅವುಗಳಲ್ಲಿ ಸುಜಿಟೋಂಗೆ ಬೇಸಿಗೆಯಲ್ಲಿ ಮುಂಗಡ ನೋಂದಣಿಯೂ ಬೇಕು.

ದಾರಿ

ಮಾರ್ಸೆ ವಿಮಾನನಿಲ್ದಾಣದ ಕಡೆ ಗಾಡಿ ಹಿಡಿದು ಸುತ್ತಿ ಬಂದರೆ ಸುಮಾರು 800 ಕಿ.ಮೀ. ಇದಕ್ಕೆ 14 ದಿನ ಕೊಡಿ. ಲೀಟರಿಗೆ 10 ಕಿ.ಮೀ. ಲೆಕ್ಕ ಹಿಡಿದರೆ 80 ಲೀಟರ್ ಡೀಸೆಲ್. ತಿಂಗಳು ಮೇ, ಜೂನ್ ಅಥವಾ ಸೆಪ್ಟೆಂಬರ್. ಲ್ಯಾವೆಂಡರ್ ಬೇಕೇಬೇಕೆಂದರೆ ಜೂನ್ ಕೊನೆಯಿಂದ ಜುಲೈ ಮಧ್ಯದೊಳಗೆ ವಾಲಾನ್ಸೋಲ್ ಬಯಲಿಗೆ ಬನ್ನಿ, ಆಮೇಲೆ ಕೊಯ್ಲು.

ಸೇಂ-ರೆಮಿಯಿಂದ ಶುರುಮಾಡಿ. ಚಿತ್ರಕಾರ ವ್ಯಾನ್ ಗಾಗ್ 1889–90ರಲ್ಲಿ ಇದ್ದ ಸೇಂ-ಪೋಲ್ ಮಾನಸಿಕ ಚಿಕಿತ್ಸಾಲಯ ಊರಿನಿಂದ ನಡೆದು ಹೋಗುವ ದೂರ. ಅಲ್ಲಿಂದ ಲ್ಯುಬೆರೋಂ ಬೆಟ್ಟಗಳಿಗೆ. ಗೋರ್ಡ್, ಬೊನ್ಯೂ, ರೂಸಿಯೋಂ ಮೂರೂ ಹತ್ತಿರ ಹತ್ತಿರ. ಒಂದು ಕಡೆ ಎರಡು ರಾತ್ರಿ ನಿಂತು ಸೈಕಲ್ ಬಾಡಿಗೆ ಪಡೆಯುವುದು ಮೇಲು. ರೂಸಿಯೋಂನ ಕೆಮ್ಮಣ್ಣಿನ ಹಾದಿಗೆ ಬಿಳಿ ಬಟ್ಟೆ, ಬಿಳಿ ಬೂಟು ಬೇಡ, ಆ ಬಣ್ಣ ಗಾಡಿಯೊಳಗೆಲ್ಲ ಹೆಜ್ಜೆಯಾಗಿ ಬರುತ್ತದೆ.

ಮೂಸ್ತಿಯೇ ಎಂಬ ಊರಿನಿಂದ ವೆರ್ಡೋಂ ಕಣಿವೆಯ ಅಂಚಿನ ರಸ್ತೆ ಹಿಡಿಯುವವರು ಬೆಳಿಗ್ಗೆ ಎಂಟರೊಳಗೆ ಹೊರಡಿ. ಬಂಡೆ ರಸ್ತೆಯ ಮೇಲೆ ಚಾಚಿಕೊಂಡಿರುವ ತಿರುವುಗಳಲ್ಲಿ ಎದುರು ಬಸ್ಸು ಬಂದರೆ ಹಿಂದೆ ಸರಿಯಬೇಕಾಗುತ್ತದೆ. ಇಳಿಜಾರಿನಲ್ಲಿ ಗೇರಿನಲ್ಲೇ ಇಳಿಯಿರಿ, ಮೂರು ಟನ್ನಿನ ಗಾಡಿಗೆ ಬರೀ ಬ್ರೇಕ್ ಒತ್ತುತ್ತಿದ್ದರೆ ಸುಟ್ಟ ವಾಸನೆ ಬರುತ್ತದೆ.

ಕರಾವಳಿಯಲ್ಲಿ ಸೇಂ-ರಫಾಯೆಲ್ ಹತ್ತಿರದ ಕ್ಯಾಂಪ್‌ಸೈಟಿನಲ್ಲಿ ಗಾಡಿ ಬಿಟ್ಟು ರೈಲು ಹತ್ತಿ. ಎಸ್ತೆರೆಲ್‌ನ ಕೆಂಪು ಬಂಡೆಗಳು, ಕಾನ್, ಆಂತೀಬ್, ನೀಸ್ ಎಲ್ಲ ಒಂದೇ ಹಳಿಯ ಮೇಲಿವೆ. ನೀಸಿನ ಸೋಕಾ ಕಡಲೆಹಿಟ್ಟಿನ ದೊಡ್ಡ ದೋಸೆ, ಸಸ್ಯಾಹಾರಿಗಳಿಗೆ ಕಣ್ಣುಮುಚ್ಚಿ ತಿನ್ನಬಹುದು. ಅದೇ ಅಂಗಡಿಯ ಪಿಸಾಲಾದಿಯೇರ್ ಈರುಳ್ಳಿಯದ್ದೆಂದು ಮೋಸಹೋಗಬೇಡಿ, ಅದರಲ್ಲಿ ಆಂಚೊವಿ ಮೀನಿದೆ. ಕಾಸಿ ಎಂಬ ಬಂದರೂರಿಗೂ ರೈಲಿನಲ್ಲೇ ಹೋಗಿ, ಸ್ಟೇಷನ್ನಿನಿಂದ ಬಂದರು ಮೂರು ಕಿ.ಮೀ.

ಪಶ್ಚಿಮಕ್ಕೆ ಕಾಮಾರ್ಗ್. ಗದ್ದೆ, ಉಪ್ಪಿನ ಹೊಂಡ, ಫ್ಲೆಮಿಂಗೊ, ಮತ್ತು ಸೊಳ್ಳೆ. ಬಾಗಿಲಿನ ಜಾಲರಿ ಹರಿದಿದ್ದರೆ ಇಲ್ಲಿಗೆ ಬರುವ ಮೊದಲು ಟೇಪ್ ಹಚ್ಚಿ. ಇಲ್ಲಿ ಬೆಳೆಯುವ ಕೆಂಪಕ್ಕಿಗೆ ನೀರು ಹೆಚ್ಚು ಬೇಕು, ಅರ್ಧ ಗಂಟೆ ನೆನೆಸಿ ಕುಕ್ಕರಿಗಿಡಿ. ಇಲ್ಲಿನ ಕಡಲೂರು ಸೇಂತ್-ಮಾರಿಯಲ್ಲಿ ಮೇ 24, 25ಕ್ಕೆ ರೋಮಾ (ಜಿಪ್ಸಿ) ಜನರ ಜಾತ್ರೆ. ತಾವು ಪೂಜಿಸುವ ಕಪ್ಪು ಸಾರಾಳ ಮೂರ್ತಿಯನ್ನು ಹೊತ್ತು ಕಡಲಿಗಿಳಿಸುತ್ತಾರೆ. ಅವರ ಭಾಷೆಯ ಬೇರು ಭಾರತದ್ದು. ನೋಡುವ ಮನಸ್ಸಿದ್ದರೆ ನಾಲ್ಕು ದಿನ ಮೊದಲೇ ಜಾಗ ಹಿಡಿಯಬೇಕು, ಇಲ್ಲದಿದ್ದರೆ ಆ ವಾರ ಅತ್ತ ಸುಳಿಯದಿರುವುದೇ ಲೇಸು. ಕೋಟೆಯೂರು ಎಗ್-ಮೋರ್ತ್, ಆಮೇಲೆ ಸುಮಾರು 49 ಮೀಟರ್ ಎತ್ತರದ ರೋಮನ್ ನೀರುಸೇತುವೆ ಪೋಂ ದು ಗಾರ್ ನೋಡಿಕೊಂಡು ಹಿಂತಿರುಗಿ.

ರಸ್ತೆಯಲ್ಲಿ ನೆನಪಿಡಬೇಕಾದದ್ದು ಬಲಗಡೆಯವರ ಹಕ್ಕು. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲದ ಸಣ್ಣ ಓಣಿಯಿಂದ ಬರುವವನಿಗೇ ಮೊದಲ ದಾರಿ. ಹಳದಿ ವಜ್ರಾಕೃತಿಯ ಫಲಕ ಇದ್ದರೆ ಮಾತ್ರ ದಾರಿ ನಿಮ್ಮದು. ಟೋಲಿನಲ್ಲಿ 2ರಿಂದ 3 ಮೀಟರ್ ಎತ್ತರದ, 3.5 ಟನ್ ಮೀರದ ಗಾಡಿ ಎರಡನೇ ದರ್ಜೆ. 2 ಮೀಟರ್ ಎಂದು ಬರೆದ ಸಾಲಿಗೆ ನುಗ್ಗಬೇಡಿ. 3 ಮೀಟರ್ ದಾಟಿದರೆ ಮೂರನೇ ದರ್ಜೆ, ದರ ಜಾಸ್ತಿ.

ಗಾಡಿ ಹಿಂತಿರುಗಿಸುವುದು ಭಾನುವಾರಕ್ಕೆ ಬೀಳದಂತೆ ವಿಮಾನದ ಟಿಕೆಟ್ ಮಾಡಿಸಿ. ಕೊನೆಯ ರಾತ್ರಿ ಏರ್‌ನಲ್ಲಿ ಕಳೆದು ಬೆಳಿಗ್ಗೆ ಬಚ್ಚಲ ನೀರು ಬಿಟ್ಟು, ಕ್ಯಾಸೆಟ್ ತೊಳೆದು, ಹತ್ತಿರದ ಬಂಕಿನಲ್ಲಿ ಡೀಸೆಲ್ ತುಂಬಿಸಿ ರಶೀದಿ ಇಟ್ಟುಕೊಳ್ಳಿ. ಹೊರಡುವ ಮೊದಲು ಗಾಡಿಯ ಸುತ್ತ ಒಂದು ಸುತ್ತು ಹಾಕಿ: ಮೆಟ್ಟಿಲು ಒಳಗೆ, ಚಾವಣಿ ಕಿಂಡಿ ಮುಚ್ಚಿದೆ, ವೈರ್ ಕಿತ್ತಿದೆ, ಗ್ಯಾಸ್ ಬಂದ್.