ನಿಮಗೇನು ಅಲ್ಲಿ ಓಟಿದೆಯಾ?

ಸಾಗರದ ಅಡಿಕೆ ಮಂಡಿಯಲ್ಲಿ ಟೆಂಡರ್ ಮುಗಿಯಲಿ ಅಂತ ಕಾಯುತ್ತಾ ಕೂತಾಗ, ಮದುವೆ ಮನೆಯ ಪಂಕ್ತಿಯಲ್ಲಿ ಪಾಯಸ ಬರುವ ಮುಂಚೆ, ನನಗೆ ಈ ಪ್ರಶ್ನೆ ಬಂದೇ ಬರುತ್ತದೆ. "ಎಂತ ಮಾರಾಯ್ರೆ, ಅಮೆರಿಕದ ಅಧ್ಯಕ್ಷರ ಚುನಾವಣೆ ಬಗ್ಗೆ ಇಷ್ಟೊಂದು ತಲೆ ಕೆಡಿಸ್ಕೊಳ್ತೀರಲ್ಲ, ನಿಮಗೇನು ಅಲ್ಲಿ ಓಟಿದೆಯಾ?"

ಓಟಿಲ್ಲ. ಇರಬೇಕು ಅಂತಲೂ ನಾನು ಹೇಳುವುದಿಲ್ಲ. ಆದರೆ ಮಂಡಿಯಲ್ಲಿ ನಿಂತುಕೊಂಡು ಎರಡು ಮಾತಲ್ಲಿ ಇದಕ್ಕೆ ಉತ್ತರ ಕೊಡೋಕೆ ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

1971ರಿಂದ ಶುರು ಮಾಡುತ್ತೇನೆ. ಆಗ ನನಗೆ ಹತ್ತು ವರ್ಷ. ನಮ್ಮ ಶಾಲೆಯಲ್ಲಿ ಮಧ್ಯಾಹ್ನ ಉಪ್ಪಿಟ್ಟು ಕೊಡುತ್ತಿದ್ದರು. ಕೇರ್ ಉಪ್ಪಿಟ್ಟು ಅಂತಲೇ ಅದಕ್ಕೆ ಹೆಸರು. ಅಮೆರಿಕದಿಂದ ಬರುತ್ತಿದ್ದ ಗೋಧಿ ರವೆ. ನನ್ನ ವಯಸ್ಸಿನವರಿಗೆ ಅದರ ವಾಸನೆ ಈಗಲೂ ನೆನಪಿರುತ್ತದೆ. ಆ ವರ್ಷ ಡಿಸೆಂಬರ್‌ನಲ್ಲಿ ಬಾಂಗ್ಲಾದ ಯುದ್ಧ. ಸಂಜೆ ಅಪ್ಪ ರೇಡಿಯೋದ ಮುಂದೆ ಕೂತರೆ ಎದ್ದೇಳುತ್ತಿರಲಿಲ್ಲ. ಒಂದು ದಿನ ಬಂದ ಸುದ್ದಿ ಏನೆಂದರೆ, ಅಮೆರಿಕದ ಎಂಟರ್‌ಪ್ರೈಸ್ ಅನ್ನುವ ವಿಮಾನವಾಹಕ ಹಡಗು, ಅದೂ ಅಣುಶಕ್ತಿಯಿಂದ ಓಡುವ ಹಡಗು, ಬಂಗಾಳ ಕೊಲ್ಲಿಯ ಕಡೆ ಹೊರಟಿದೆ ಅಂತ. ಕಳಿಸಿದವರು ಅಧ್ಯಕ್ಷ ನಿಕ್ಸನ್. ಮಧ್ಯಾಹ್ನ ತಿಂದ ಉಪ್ಪಿಟ್ಟೂ ಅವರದೇ, ರಾತ್ರಿ ಹೆದರಿಸುವ ಹಡಗೂ ಅವರದೇ. ಹತ್ತು ವರ್ಷದ ಹುಡುಗನಿಗೆ ಇದು ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳಬೇಕು ಅನ್ನುವ ಆಸೆ ಮಾತ್ರ ಆವತ್ತು ಹತ್ತಿದ್ದು ಇವತ್ತಿಗೂ ಬಿಟ್ಟಿಲ್ಲ.

ಮರುವರ್ಷ, ಅಂದರೆ 1972ರಲ್ಲಿ, ಅದೇ ನಿಕ್ಸನ್ 50 ರಾಜ್ಯಗಳಲ್ಲಿ 49ನ್ನು ಗೆದ್ದು ಮತ್ತೆ ಅಧ್ಯಕ್ಷರಾದರು. ನಮ್ಮ ಮನೆಯಲ್ಲಿ ಹೆಸರು ಹೇಳಿದರೆ ಎಲ್ಲರೂ ಮುಖ ಸಿಂಡರಿಸುತ್ತಿದ್ದ ಮನುಷ್ಯನನ್ನು ಅವರ ಜನ ಹೀಗೆ ಎತ್ತಿ ಆಡಿಸಿದ್ದರು. ನಾವು ಕಂಡ ನಿಕ್ಸನ್ ಬೇರೆ, ಅವರು ಕಂಡ ನಿಕ್ಸನ್ ಬೇರೆ.

ಇದೇ ವಿಷಯ ನನ್ನ ಮನೆಯೊಳಗೇ ಜಗಳವಾಗಿ ಬಂದದ್ದು 2004ರಲ್ಲಿ. ನನ್ನ ಚಿಕ್ಕಪ್ಪನ ಮಗ 1988ರಲ್ಲೇ ಅಮೆರಿಕಕ್ಕೆ ಹೋದವನು, ನ್ಯೂಜೆರ್ಸಿಯಲ್ಲಿದ್ದಾನೆ, ಅಷ್ಟೊತ್ತಿಗಾಗಲೇ ಅಲ್ಲಿನ ಪೌರನಾಗಿದ್ದ. ಆಗ ಅಧ್ಯಕ್ಷರಾಗಿದ್ದ ಬುಷ್ ಮತ್ತು ಅವರ ಎದುರಾಳಿ ಜಾನ್ ಕೆರಿ ನಡುವೆ ಸ್ಪರ್ಧೆ. ಇರಾಕ್ ಯುದ್ಧ ಶುರುವಾಗಿ ಒಂದೂವರೆ ವರ್ಷ ಆಗಿತ್ತು. ಭಾನುವಾರ ಬೆಳಿಗ್ಗೆ ಅವನ ಫೋನು ಬಂದರೆ ಮೊದಲು ಚಿಕ್ಕಮ್ಮನ ಮಂಡಿ ನೋವು, ಆಮೇಲೆ ತೋಟಕ್ಕೆ ಬಂದ ಕೊಳೆರೋಗ, ಅದಾದ ಮೇಲೆ ಇದೇ.

ನನಗೆ ಬುಷ್ ಸೋಲಬೇಕು ಅಂತಿತ್ತು. ನನ್ನ ಕಾರಣ ಸರಳ. ಇರಾಕಿನ ಹತ್ತಿರ ಭಯಂಕರ ಅಸ್ತ್ರಗಳಿವೆ ಅಂತ ಹೇಳಿ ಯುದ್ಧಕ್ಕೆ ಹೋದರು. ಅವರದೇ ಸರ್ಕಾರ ನೇಮಿಸಿದ ತಂಡ ಹುಡುಕಿ ಹುಡುಕಿ, ಚುನಾವಣೆಗೆ ಒಂದು ತಿಂಗಳೂ ಇಲ್ಲದಾಗ, 2004ರ ಅಕ್ಟೋಬರ್‌ನಲ್ಲಿ ವರದಿ ಕೊಟ್ಟಿತು. ಅಂಥ ಅಸ್ತ್ರಗಳ ಸಂಗ್ರಹ ಯಾವುದೂ ಸಿಗಲಿಲ್ಲ ಅಂತ. ಇದಕ್ಕಿಂತ ಇನ್ನೇನು ಬೇಕು ಅಂತ ನಾನು ಫೋನಿನಲ್ಲಿ ದನಿ ಏರಿಸಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ. "ಅಣ್ಣಾ, ಸೆಪ್ಟೆಂಬರ್ ಹನ್ನೊಂದು ನೀನು ಟಿವಿಯಲ್ಲಿ ನೋಡಿದ್ದು. ನಾನು ನಮ್ಮ ಆಫೀಸಿನ ಕಿಟಕಿಯಿಂದ ನೋಡಿದೆ, ನದಿಯ ಆಚೆ ದಡದಲ್ಲಿ. ಆ ದಿನ ಇವಳು ಮ್ಯಾನ್‌ಹಟನ್‌ನಲ್ಲಿದ್ದಳು. ರಾತ್ರಿ ಮನೆಗೆ ಬಂದಾಗ ತಲೆ ತುಂಬಾ ಬೂದಿ. ಮಗುವಿಗೆ ಆಗ ಮೂರು ವರ್ಷ. ಆಮೇಲೆ ಮೂರು ವರ್ಷದಿಂದ ಇಲ್ಲಿ ಅಂಥದ್ದು ಇನ್ನೊಂದು ಆಗಿಲ್ಲ. ಆ ಒಂದು ಕಾರಣಕ್ಕೆ ಈ ಸಲ ನಾನು ಬುಷ್‌ಗೆ ಹಾಕ್ತೀನಿ. ಇರಾಕ್ ವಿಷಯದಲ್ಲಿ ನೀನು ಹೇಳೋದು ಸರಿಯೇ ಇರಬಹುದು. ಆದರೆ ಕೆರಿ ಕೂಡ 2002ರಲ್ಲಿ ಸೆನೆಟ್‌ನಲ್ಲಿ ಆ ಯುದ್ಧಕ್ಕೆ ಒಪ್ಪಿಗೆ ಕೊಟ್ಟವನೇ ಅಲ್ವಾ?"

ಅದು ನಿಜ. ಕೆರಿ ಒಪ್ಪಿಗೆಯ ಪರವಾಗಿಯೇ ಮತ ಹಾಕಿದ್ದರು.

ಉಗ್ರರು ವಿಮಾನಗಳನ್ನೇ ನುಗ್ಗಿಸಿದ 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸತ್ತವರು 2,977 ಜನ. ಆ ಸಂಖ್ಯೆ ನನಗೆ ಬಾಯಿಪಾಠವಿತ್ತು. ತಲೆ ತುಂಬಾ ಬೂದಿ ಅನ್ನುವುದು ಗೊತ್ತಿರಲಿಲ್ಲ, ಅವನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಆ ದಿನದಿಂದ ನಾನು ಅವನ ಓಟನ್ನು ತಪ್ಪು ಅಂತ ಕರೆಯುವುದು ಬಿಟ್ಟೆ. ನನ್ನ ಅಭಿಪ್ರಾಯವನ್ನೇನೂ ಬಿಡಲಿಲ್ಲ. ಆ ಯುದ್ಧ ಅನ್ಯಾಯ ಅಂತ ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ.

ಹೊರಗಿನವರ ಅಭಿಪ್ರಾಯ ಅಂತ ನಾವು ಸುಮ್ನೆ ಒಂದೇ ಮುದ್ದೆ ಮಾಡಿ ಹೇಳುತ್ತೇವಲ್ಲ, ಅದು ಕೂಡ ಹಾಗಿಲ್ಲ. ಆ ವರ್ಷ 35 ದೇಶಗಳಲ್ಲಿ ಜನರನ್ನು ಕೇಳಿ ಒಂದು ಸಮೀಕ್ಷೆ ಮಾಡಿದ್ದರು. 30 ದೇಶಗಳಲ್ಲಿ ಕೆರಿಗೇ ಜಾಸ್ತಿ ಒಲವು. ಆದರೆ ಭಾರತದಲ್ಲಿ ಇಬ್ಬರಿಗೂ ಹೆಚ್ಚುಕಡಿಮೆ ಸಮ ಸಮ. ನಮ್ಮ ಬೀದಿಯನ್ನೇ ನೋಡಿದರೆ ಯಾಕೆ ಅಂತ ಗೊತ್ತಾಗುತ್ತಿತ್ತು. ಪಕ್ಕದ ಮನೆಯ ಹುಡುಗಿ ಬೆಂಗಳೂರಿನ ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಕೆಲಸವನ್ನು ಹೊರದೇಶಕ್ಕೆ ಕಳಿಸುವ ಕಂಪನಿಗಳ ಮೇಲೆ ಕೆರಿ ಹರಿಹಾಯುತ್ತಿದ್ದರು, ಹಾಗಾಗಿ ಅವಳ ಅಪ್ಪನಿಗೆ ಬುಷ್ಷೇ ಗೆಲ್ಲಬೇಕಿತ್ತು. ಎದುರು ಮನೆಯ ಹವಾಲ್ದಾರರು ನಿವೃತ್ತರಾಗಿ ಊರಿಗೆ ಬಂದವರು. ಅವರಿಗೆ ಮೊದಲು ಬುಷ್ ಬಗ್ಗೆ ಗೌರವವಿತ್ತು, ಭಯೋತ್ಪಾದನೆಯನ್ನು ಕೊನೆಗೂ ಒಬ್ಬ ಗಟ್ಟಿಯಾಗಿ ಎದುರಿಸುತ್ತಿದ್ದಾನೆ ಅಂತ. 2004ರಲ್ಲಿ ಪಾಕಿಸ್ತಾನವನ್ನು ನ್ಯಾಟೋ ಕೂಟದ ಹೊರಗಿನ ತಮ್ಮ ಪ್ರಮುಖ ಮಿತ್ರರಾಷ್ಟ್ರ ಅಂತ ಅಮೆರಿಕ ಘೋಷಿಸಿದ ಮೇಲೆ ಅದೆಲ್ಲ ಮುಗಿಯಿತು. "ನಮ್ಮ ಪಾರ್ಲಿಮೆಂಟ್ ಮೇಲೆ ದಾಳಿ ಆಗಿ ಮೂರು ವರ್ಷ ಆಗ್ಲಿಲ್ಲ, ಇವರು ಅವರ ಹೆಗಲ ಮೇಲೆ ಕೈ ಹಾಕ್ತಾರೆ" ಅಂತ ಕುದಿಯುತ್ತಿದ್ದರು.

ಇನ್ನು ನಾನು ಕಾಳುಮೆಣಸು ಕೊಡುವ ಅಂಗಡಿಯ ಸಾಹೇಬರು. ಅವರ ತಮ್ಮ 1990ರಲ್ಲಿ ಕುವೈತ್‌ನಲ್ಲಿದ್ದ. ಸದ್ದಾಮ್ ಹುಸೇನನ ಸೈನ್ಯ ನುಗ್ಗಿದಾಗ ಉಟ್ಟ ಬಟ್ಟೆಯಲ್ಲಿ ಹೊರಟು, ಬಸ್ಸಿನಲ್ಲಿ ಜೋರ್ಡಾನಿನ ಅಮ್ಮಾನ್‌ವರೆಗೆ ಬಂದು, ಅಲ್ಲಿಂದ ನಮ್ಮ ಸರ್ಕಾರ ಕಳಿಸಿದ ವಿಮಾನದಲ್ಲಿ ಬೊಂಬಾಯಿ ಸೇರಿದವನು. ಆಗ ಹಾಗೆ ವಾಪಸ್ ಬಂದ ಭಾರತೀಯರು 1 ಲಕ್ಷ 70 ಸಾವಿರಕ್ಕೂ ಜಾಸ್ತಿ. ಸಾಹೇಬರಿಗೆ ಸದ್ದಾಮ್ ಮೇಲೆ ಎಳ್ಳಷ್ಟೂ ಪ್ರೀತಿಯಿರಲಿಲ್ಲ. ಆದರೂ ಯುದ್ಧ ಬೇಡ ಅನ್ನುತ್ತಿದ್ದರು. ಯುದ್ಧ ಅಂದರೆ ಮೊದಲು ಊರಿಗೆ ಬರುವುದು ಕೆಲಸ ಕಳಕೊಂಡ ಮಕ್ಕಳು ಅಂತ ಅವರು ಕಣ್ಣಾರೆ ನೋಡಿದ್ದರು.

ಇವರಲ್ಲಿ ಯಾರಿಗೂ ಓಟಿರಲಿಲ್ಲ. ಯಾರ ಮಾತೂ ಹರಟೆಯಾಗಿರಲಿಲ್ಲ. ಇನ್ನೊಂದು ವಿಷಯ ಜನ ಮರೆತಿದ್ದಾರೆ. 2003ರಲ್ಲಿ ಇರಾಕಿಗೆ ನಿಮ್ಮ ಸೈನ್ಯ ಕಳಿಸಿ ಅಂತ ಅಮೆರಿಕ ನಮ್ಮನ್ನೂ ಕೇಳಿತ್ತು. ಏಪ್ರಿಲ್‌ನಲ್ಲಿ ಲೋಕಸಭೆ ಆ ಯುದ್ಧವನ್ನು ಖಂಡಿಸಿ ಒಮ್ಮತದ ನಿರ್ಣಯ ಮಾಡಿತ್ತು. ಜುಲೈಯಲ್ಲಿ ವಾಜಪೇಯಿ ಸರ್ಕಾರ, ಸೈನ್ಯ ಕಳಿಸೋಕೆ ಆಗುವುದಿಲ್ಲ ಅಂದಿತು. ಆಗಲಿ ಅಂದಿದ್ದರೆ? ಮಲೆನಾಡಿನಿಂದ, ಕೊಡಗಿನಿಂದ ಹೋದ ಹುಡುಗರು ಬಾಗ್ದಾದಿನ ಬೀದಿಯಲ್ಲಿ ನಿಂತಿರುತ್ತಿದ್ದರು. ವಾಷಿಂಗ್ಟನ್ನಿನಲ್ಲಿ ಯಾರು ಕೂತಿದ್ದಾರೆ ಅನ್ನುವುದು ನಮ್ಮೂರ ತಾಯಂದಿರ ವಿಷಯವೂ ಆಗುವುದು ಹೀಗೆ. 2025ರ ಆಗಸ್ಟ್‌ನಲ್ಲಿ ನಮ್ಮ ಸರಕಿನ ಮೇಲೆ ಟ್ರಂಪ್ ಸರ್ಕಾರ ಶೇಕಡಾ 50 ಸುಂಕ ಹಾಕಿದಾಗ, ಮರು ತಿಂಗಳು ಅಲ್ಲಿಗೆ ಕೆಲಸಕ್ಕೆ ಹೋಗೋಕೆ ಬೇಕಾದ ಹೊಸ ಎಚ್-1ಬಿ ವೀಸಾಕ್ಕೆ 1 ಲಕ್ಷ ಡಾಲರ್ ಶುಲ್ಕ ಅಂದಾಗ, ಮಂಡಿಯಲ್ಲಿ ನನ್ನನ್ನು ಪ್ರಶ್ನೆ ಕೇಳುತ್ತಿದ್ದವರೇ ಬಂದು "ಇದು ಎಂತದು, ಸ್ವಲ್ಪ ಬಿಡಿಸಿ ಹೇಳಿ" ಅಂದರು. ಮಕ್ಕಳು ಅಲ್ಲಿದ್ದರು, ನೋಡಿ.

ಹಾಗಾದರೆ ಹೊರಗಿನವರು ಹೋಗಿ ನೀವು ಇಂಥವರಿಗೇ ಓಟು ಹಾಕಿ ಅಂತ ಹೇಳಬಹುದಾ? ಇಲ್ಲಿ ನನ್ನ ಉತ್ತರ ಖಡಾಖಂಡಿತ. ಬೇಡ. 2004ರಲ್ಲೇ ಲಂಡನ್ನಿನ ಗಾರ್ಡಿಯನ್ ಪತ್ರಿಕೆ ಹೀಗೊಂದು ಕೆಲಸ ಮಾಡಿತ್ತು. ಒಹಾಯೊ ರಾಜ್ಯದ ಕ್ಲಾರ್ಕ್ ಕೌಂಟಿ ಅನ್ನುವ ಜಿಲ್ಲೆಯ ಮತದಾರರ ವಿಳಾಸಗಳನ್ನು ತನ್ನ ಓದುಗರಿಗೆ ಕೊಟ್ಟು, ಅವರಿಗೆ ಕಾಗದ ಬರೆಯಿರಿ ಅಂದಿತು. ಸಾವಿರಾರು ಜನ ಮುಂದೆ ಬಂದರು. ಅಲ್ಲಿನವರಿಗೆ ಸಿಟ್ಟು ಬಂತು. ನಮ್ಮ ಓಟು ನಮಗೆ ಗೊತ್ತಿದೆ, ನೀವು ನಿಮ್ಮ ಕೆಲಸ ನೋಡಿಕೊಳ್ಳಿ ಅಂದರು. 2000ದಲ್ಲಿ ಬುಷ್ ಎದುರು ನಿಂತಿದ್ದ ಅಲ್ ಗೋರ್ ಕೆಲವೇ ನೂರು ಓಟಿನಿಂದ ಗೆದ್ದಿದ್ದ ಆ ಜಿಲ್ಲೆ ಈ ಸಲ ಬುಷ್ ಕಡೆ ಹೋಯಿತು. ಕಾಗದದಿಂದಲೇ ಹಾಗಾಯಿತು ಅಂತ ಯಾರೂ ಹೇಳೋಕೆ ಆಗುವುದಿಲ್ಲ. ಆದರೆ ಆ ಸಿಟ್ಟು ನನಗೆ ಪೂರ್ತಿ ಅರ್ಥವಾಗುತ್ತದೆ. ನಮ್ಮ ಗ್ರಾಮ ಪಂಚಾಯ್ತಿ ಚುನಾವಣೆಗೆ ಬೆಂಗಳೂರಿನಿಂದ ಯಾರೋ ಬಂದು ನಮ್ಮ ಮನೆ ಜಗಲಿಯಲ್ಲಿ ಕೂತು, ನಿಮಗೆ ತಿಳಿಯುವುದಿಲ್ಲ, ಇವರಿಗೆ ಹಾಕಿ ಅಂದರೆ ನಾವು ಚಾ ಕೊಟ್ಟು ಕಳಿಸುತ್ತೇವೆ. ಓಟು ಬೇರೆಯವರಿಗೆ ಹಾಕುತ್ತೇವೆ.

ಆ ಚುನಾವಣೆ ಕೊನೆಗೆ ನಿಂತದ್ದೂ ಒಹಾಯೊ ಮೇಲೆಯೇ. ಅದೊಂದು ರಾಜ್ಯ ಕೆರಿ ಕಡೆ ಬಂದಿದ್ದರೆ, ದೇಶದಲ್ಲಿ ಒಟ್ಟು 30 ಲಕ್ಷ ಓಟು ಕಡಿಮೆ ಬಿದ್ದಿದ್ದರೂ ಅವರೇ ಅಧ್ಯಕ್ಷ. ಅವರ ಪದ್ಧತಿಯೇ ಹಾಗೆ, ರಾಜ್ಯ ರಾಜ್ಯದ ಲೆಕ್ಕ.

ಆದರೆ ಹೊರಗಿನವರು ಬಾಯಿಯನ್ನೇ ತೆರೆಯಬಾರದು ಅಂದರೆ ನಾನು ಒಪ್ಪುವುದಿಲ್ಲ. ಯಾಕೆ ಅಂದರೆ ನಮ್ಮ ತಾಲೂಕೇ ಹಾಗೆ ನಡೆದುಕೊಂಡಿಲ್ಲ. ಸಾಗರದಿಂದ ಸ್ವಲ್ಪ ದೂರದ ಕಾಗೋಡಿನಲ್ಲಿ 1951ರಲ್ಲಿ ಗೇಣಿ ರೈತರ ಸತ್ಯಾಗ್ರಹ ನಡೆಯಿತು. ಗೇಣಿ ಬತ್ತ ಅಳೆಯುವ ಕೊಳಗದ ಅಳತೆಯಿಂದ ಶುರುವಾದ ಜಗಳ. ಅದಕ್ಕೆ ಉತ್ತರ ಪ್ರದೇಶದ ರಾಮಮನೋಹರ ಲೋಹಿಯಾ ಬಂದರು, ಬಂಧನಕ್ಕೂ ಒಳಗಾದರು. ಅವರಿಗೆ ಇಲ್ಲಿ ಗದ್ದೆಯಿಲ್ಲ, ಓಟಿಲ್ಲ, ಭಾಷೆಯೂ ಇಲ್ಲ. ಆಗಲೂ ಕೆಲವರು ಕೇಳಿರುತ್ತಾರೆ, ಈ ಮನುಷ್ಯನಿಗೆ ನಮ್ಮೂರಲ್ಲಿ ಏನು ಕೆಲಸ ಅಂತ. ಅದೇ ಲೋಹಿಯಾ 1964ರ ಮೇ ತಿಂಗಳಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಜಾಕ್ಸನ್ ಊರಿಗೆ ಹೋದರು. ಬಿಳಿಯರಿಗೆ ಮಾತ್ರ ಅನ್ನುವ ಒಂದು ಹೋಟೆಲಿನೊಳಗೆ ಕಾಲಿಟ್ಟರು. ಹೊರಗೆ ಹೋಗಿ ಅಂದರು, ಹೋಗುವುದಿಲ್ಲ ಅಂದರು, ಪೊಲೀಸರು ಹಿಡಿದರು. ಆಗ ಅವರು ನಮ್ಮ ಲೋಕಸಭೆಯ ಸದಸ್ಯ. ಅಮೆರಿಕದ ಸರ್ಕಾರ ಕ್ಷಮೆ ಕೇಳಿತು. ಎರಡು ತಿಂಗಳೊಳಗೆ, ಜುಲೈ 2ರಂದು, ಹೋಟೆಲುಗಳಲ್ಲಿ ಆ ಥರ ಭೇದ ಮಾಡುವುದನ್ನು ನಿಷೇಧಿಸುವ ಕಾನೂನಿಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು. ಆ ಕಾನೂನು ತಂದವರು ವರ್ಷಗಟ್ಟಲೆ ಬಡಿದಾಡಿದ ಅಲ್ಲಿನ ಕಪ್ಪು ಜನರೇ, ಅದರಲ್ಲಿ ಅನುಮಾನವಿಲ್ಲ. ಲೋಹಿಯಾ ಅವರ ಪಕ್ಕ ಹೋಗಿ ನಿಂತರು, ಅಷ್ಟೇ. ಕಾಗೋಡಿನಲ್ಲೂ ಅಷ್ಟೇ ಮಾಡಿದ್ದು. ಹೊರಗಿನವನು ಮಾಡಬಹುದಾದ ಕೆಲಸ ಅದು ಅಂತ ನನಗೆ ಅನಿಸುತ್ತದೆ. ಯಾರಿಗೆ ಓಟು ಹಾಕಬೇಕು ಅಂತ ಅವರು ಯಾರಿಗೂ ಹೇಳಲಿಲ್ಲವಲ್ಲ.

ಇಷ್ಟು ವರ್ಷ ಅವರ ಚುನಾವಣೆ ನೋಡಿದ್ದರಿಂದ ನನಗೆ ಆದ ದೊಡ್ಡ ಲಾಭ ಬೇರೆಯೇ ಇದೆ. ಭಯ ಮನೆ ಬಾಗಿಲಿಗೆ ಬಂದಾಗ ಮನುಷ್ಯ ಓಟನ್ನು ಹೇಗೆ ತೂಗುತ್ತಾನೆ ಅಂತ ನನಗೆ ನನ್ನ ತಮ್ಮನಿಂದ ಗೊತ್ತಾಯಿತು. ಅದನ್ನೇ 2019ರಲ್ಲಿ ನಮ್ಮಲ್ಲಿ ನೋಡಿದೆ. ಫೆಬ್ರವರಿಯಲ್ಲಿ ಪುಲ್ವಾಮಾ, ಆಮೇಲೆ ಬಾಲಾಕೋಟ್, ಏಪ್ರಿಲ್ 23ಕ್ಕೆ ಶಿವಮೊಗ್ಗದಲ್ಲಿ ಮತದಾನ. ಮಂಡಿಯಲ್ಲಿ, ಬಸ್ಸಿನಲ್ಲಿ, ಎಲ್ಲಿ ಹೋದರೂ ಗಡಿಯದ್ದೇ ಮಾತು. ನಾನೂ ಅದನ್ನೇ ಆಡುತ್ತಿದ್ದೆ, ಸತ್ತ ಸೈನಿಕರಲ್ಲಿ ನಮ್ಮ ಮಂಡ್ಯದ ಹುಡುಗನೂ ಇದ್ದ, ಹೊಟ್ಟೆ ಉರಿಯದೆ ಇರುತ್ತದಾ? ಆದರೆ ಅದೇ ಚಳಿಗಾಲದಲ್ಲಿ ನಮ್ಮ ಸಾಗರ ತಾಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆಯಿಂದ ಜನ ಸಾಯುತ್ತಿದ್ದರು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ. ಕಾಡಿನ ಉಣುಗು ಕಚ್ಚಿದರೆ ಬರುತ್ತದೆ. ಮಂಗ ಸತ್ತು ಬಿದ್ದಿದೆ ಅಂದರೆ ಸೊಪ್ಪು, ದರಗು ತರೋಕೆ ಕಾಡಿಗೆ ಹೋಗುವವರ ಜೀವ ಕೈಗೆ ಬರುತ್ತದೆ. ಅರವತ್ತು ವರ್ಷ ಕಳೆದಿದ್ದರೂ ಆಗ ಕೈಲಿ ಗಟ್ಟಿ ಲಸಿಕೆಯಿರಲಿಲ್ಲ. ಅರಳಗೋಡಿನ ಹೆಣ್ಣುಮಗಳಿಗೆ ಸುರಕ್ಷತೆ ಅಂದರೆ ಉಣುಗು ಕಚ್ಚದೆ ಮನೆಗೆ ಬರುವುದು. ಅದನ್ನು ದೇಶದ ಸುರಕ್ಷತೆ ಅಂತ ಯಾವ ಭಾಷಣದಲ್ಲೂ ನಾನು ಕೇಳಲಿಲ್ಲ. ಗಡಿಯೂ ಬೇಕು, ಇದೂ ಬೇಕು ಅಂತ ಮಂಡಿಯಲ್ಲಿ ಕೂತು ನಾನು ಅಂದಾಗ ಇಬ್ಬರು ಎದ್ದು ಹೋದರು. ನನಗೆ ಬೇಸರವಾಯಿತು. ಹಾಗಂತ ಅವರ ಮೇಲೆ ಸಿಟ್ಟು ಬರಲಿಲ್ಲ. ತಮ್ಮನ ಫೋನು ನೆನಪಾಯಿತು.

ಅವನು ಹೋದ ಡಿಸೆಂಬರ್‌ನಲ್ಲಿ ಊರಿಗೆ ಬಂದಿದ್ದ. ಕೊನೆ ಕೊಯ್ಲಿನ ಸಮಯ. ಅಡಿಕೆ ಸುಲಿಯುವವರ ಪಕ್ಕದಲ್ಲಿ ಇಬ್ಬರೂ ಕೂತಿದ್ದೆವು. 2024ರಲ್ಲಿ ಯಾರಿಗೆ ಹಾಕಿದೆ ಅಂತ ನಾನು ಕೇಳಲಿಲ್ಲ, ಅವನು ಹೇಳಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನೇ ಕೇಳಿದ.

"ಅಣ್ಣಾ, ನಿಮ್ಮ ಜಿಲ್ಲಾ ಪಂಚಾಯ್ತಿ ಅವಧಿ 2021ರಲ್ಲೇ ಮುಗೀತಲ್ಲ, ಚುನಾವಣೆ ಯಾಕೆ ಇಷ್ಟು ತಡ ಆಗ್ತಿದೆ? ಯಾರೂ ಕೇಳಲ್ವಾ?"

ಅವನಿಗೆ ಈಗ ಇಲ್ಲಿ ಓಟಿಲ್ಲ. ನಾನು ಕ್ಷೇತ್ರ ವಿಂಗಡಣೆಯಿಂದ ಹಿಡಿದು ಮೀಸಲಾತಿ ಪಟ್ಟಿಯವರೆಗೆ ಎಲ್ಲ ಹೇಳುತ್ತಾ ಹೋದೆ. ಒಳಗಿಂದ ಊಟಕ್ಕೆ ಎರಡು ಸಲ ಕರೆದರು.