ಎಂಡ್ಲರ್ ಅಪ್ಪಟವೋ ಬೆರಕೆಯೋ? ಮೊದಲು ಹೆಣ್ಣು ಮೀನು ನೋಡಿ

ಮೈಸೂರಿನ ಅಕ್ವೇರಿಯಂ ಅಂಗಡಿಗಳಲ್ಲಿ ಎಂಡ್ಲರ್ ಅಂತ ಮಾರುವ ಮೀನುಗಳಲ್ಲಿ ನಾನು ನೋಡಿದ ಹೆಚ್ಚಿನವು ಗಪ್ಪಿ ಅನ್ನುವ ಇನ್ನೊಂದು ಸಣ್ಣ ಮೀನಿನ ಜೊತೆ ಬೆರೆತವು. ಬೆರಕೆ ಮೀನೂ ಚೆನ್ನಾಗಿರುತ್ತದೆ, ಸಾಕುವುದೂ ಸುಲಭ. ನನಗೆ ಬೇಜಾರಾಗುವುದು ಬೇರೆ ವಿಷಯಕ್ಕೆ. ಅಪ್ಪಟ ಅಂತ ಹೇಳಿ ಜಾಸ್ತಿ ದುಡ್ಡು ತಗೊಳ್ತಾರೆ, ಕೊಂಡವರು ಅದನ್ನೇ ನಂಬಿ ಮರಿ ಮಾಡಿಸಿ ನಾಲ್ಕು ಜನಕ್ಕೆ ಹಂಚುತ್ತಾರೆ, ಅವರು ಇನ್ನೂ ನಾಲ್ಕು ಜನಕ್ಕೆ. ಕೊನೆಗೆ ಅಪ್ಪಟ ತಳಿ ಹೇಗಿರುತ್ತದೆ ಅನ್ನುವುದೇ ಯಾರಿಗೂ ಗೊತ್ತಿರುವುದಿಲ್ಲ.

ಎಂಡ್ಲರ್ ಮೀನಿನ ಊರು ವೆನೆಜುವೆಲಾ. ಕುಮಾನಾ ಪಟ್ಟಣದ ಹತ್ತಿರ ಲಗುನಾ ದೆ ಪಾಟೋಸ್ ಅಂತ ಒಂದು ಕೆರೆ ಇದೆ. ಅಲ್ಲಿ 1937ರಲ್ಲಿ ಫ್ರಾಂಕ್ಲಿನ್ ಬಾಂಡ್ ಇದನ್ನು ಹಿಡಿದಿದ್ದರು, 1975ರಲ್ಲಿ ಜೀವವಿಜ್ಞಾನಿ ಜಾನ್ ಎಂಡ್ಲರ್ ಮತ್ತೆ ಪತ್ತೆ ಮಾಡಿದರು. ಪೊಯಿಸಿಲಿಯಾ ವಿಂಗೈ ಅಂತ ಜಾತಿಯ ಹೆಸರು ಸಿಕ್ಕಿದ್ದು 2005ರಲ್ಲಿ. ಗಪ್ಪಿಗೆ ಇದು ಎಷ್ಟು ಹತ್ತಿರದ ನೆಂಟ ಅಂದರೆ, ಎರಡೂ ಬೇರೆ ಜಾತಿಯಾ ಅನ್ನುವುದರ ಬಗ್ಗೆಯೇ ವಾದ ಇದೆ. ಎರಡನ್ನೂ ಒಂದೇ ತೊಟ್ಟಿಗೆ ಬಿಟ್ಟರೆ ಕೂಡುತ್ತವೆ, ಹುಟ್ಟಿದ ಮರಿಗಳೂ ಬೆಳೆದು ಮರಿ ಹಾಕುತ್ತವೆ.

ಅಂಗಡಿಯಲ್ಲಿ ಎಲ್ಲರ ಕಣ್ಣೂ ಗಂಡಿನ ಬಣ್ಣದ ಮೇಲೆ. ನಮ್ಮ ಬೀದಿಯ ಹುಡುಗನೊಬ್ಬ ಮೊನ್ನೆ ಪ್ಲಾಸ್ಟಿಕ್ ಕವರಿನಲ್ಲಿ ಮೀನು ತಂದು, "ಅಣ್ಣ, ಇದು ಪ್ಯೂರ್ ಅಲ್ವಾ? ಕಪ್ಪು ಪಟ್ಟೆ ನೋಡಿ!" ಅಂದ. ಪಟ್ಟೆ ಚೆನ್ನಾಗೇ ಇತ್ತು, ಕಿತ್ತಳೆ, ಹಸಿರು ಎಲ್ಲ ಮಿಂಚುತ್ತಿತ್ತು. ಜೊತೆಯಲ್ಲಿದ್ದ ಹೆಣ್ಣನ್ನು ಗಾಜಿನ ಲೋಟಕ್ಕೆ ಹಾಕಿ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟೆವು. ಬಾಲದ ಬುಡದಲ್ಲಿ ಹಳದಿ ಛಾಯೆ, ಅಂಚಿನ ಕಡೆಗೆ ಸಣ್ಣ ಸಣ್ಣ ಕಪ್ಪು ಚುಕ್ಕೆ. ಅಲ್ಲಿಗೆ ಉತ್ತರ ಸಿಕ್ಕಿತು. ಎಂಡ್ಲರ್ ಹೆಣ್ಣು ಬೂದು ಬಣ್ಣದ ಸಾದಾ ಮೀನು, ಅದರ ಬಾಲದಲ್ಲಿ ಬಣ್ಣವೇ ಇರುವುದಿಲ್ಲ. ಬಾಲಕ್ಕೆ ಬಣ್ಣ ಬಂದಿರುವ ಹೆಣ್ಣು ಸಾಕಿದ ಗಪ್ಪಿಯ ಕಡೆಯದು. ಮಳವಳ್ಳಿ ಕಡೆ ಸಂತೆಯಲ್ಲಿ ಬನ್ನೂರು ಕುರಿ ಕೊಳ್ಳುವವರು ಹಿಂದೆ ಹೋಗಿ ನಿಂತು, ತೊಡೆ ತಲೆಕೆಳಗಾದ ಯು ಆಕಾರದಲ್ಲಿದೆಯಾ ಅಂತ ನೋಡುತ್ತಾರೆ. ಮೀನಿನಲ್ಲೂ ಹೀಗೆ ಯಾರೂ ನೋಡದ ಕಡೆ ನೋಡಬೇಕು.

ಗಂಡಿನಲ್ಲೂ ಗುರುತುಗಳಿವೆ. ಎಂಡ್ಲರ್ ಗಂಡು ಎರಡೂವರೆ ಸೆಂಟಿಮೀಟರ್ ಆಸುಪಾಸು, ಅಷ್ಟೇ. ಬಾಲದ ನಡುಭಾಗ ತಿಳಿಯಾಗಿದ್ದು ಮೇಲೆ ಕೆಳಗೆ ಬಣ್ಣದ ಅಂಚು ಇರುತ್ತದೆ. ಬಾಲ ದೊಡ್ಡದಾಗಿ ಅಗಲಕ್ಕೆ ಬಿಚ್ಚಿಕೊಂಡು ತುಂಬಾ ಬಣ್ಣ ತುಂಬಿದ್ದರೆ ಗಪ್ಪಿ ರಕ್ತ ಇದೆ ಅಂತಲೇ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನೋಟ ನೋಡಿ ಬೆರಕೆ ಅಂತ ಹೇಳಬಹುದು, ಅಪ್ಪಟ ಅಂತ ಹೇಳೋಕೆ ಆಗಲ್ಲ. ಬೆರಕೆ ಮರಿಯನ್ನು ಮತ್ತೆ ಎಂಡ್ಲರ್ ಜೊತೆ, ಅದರ ಮರಿಯನ್ನೂ ಎಂಡ್ಲರ್ ಜೊತೆ ಕೂಡಿಸುತ್ತಾ ಹೋದರೆ ಕೆಲವು ತಲೆಮಾರಿಗೆ ಗಪ್ಪಿಯ ಗುರುತು ಕಣ್ಣಿಗೆ ಸಿಗುವುದಿಲ್ಲ, ಒಳಗೆ ಮಾತ್ರ ಇರುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಬೇಕು ಅಂದರೆ ಎರಡನೇ ತಲೆಮಾರಿನವರೆಗೆ ಕಾಯಬೇಕು. ಮೊದಲ ತಲೆಮಾರಿನ ಬೆರಕೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ, ಅವುಗಳ ಮರಿಗಳಲ್ಲಿ ಬಾಲ, ಗಾತ್ರ, ಬಣ್ಣ ಎಲ್ಲ ಚೆಲ್ಲಾಪಿಲ್ಲಿ. ಆದರೆ ಅಂಗಡಿಯಿಂದ ತಂದ ಹೆಣ್ಣಿನಿಂದ ಈ ಪರೀಕ್ಷೆ ಶುರು ಮಾಡಬೇಡಿ. ಅದು ಅಂಗಡಿಯಲ್ಲೇ ಯಾವುದೋ ಗಂಡಿನ ಜೊತೆ ಕೂಡಿರುತ್ತದೆ, ಆ ವೀರ್ಯವನ್ನು ಹೊಟ್ಟೆಯಲ್ಲೇ ತಿಂಗಳುಗಟ್ಟಲೆ ಇಟ್ಟುಕೊಂಡು ಬೇರೆ ಗಂಡು ಇಲ್ಲದೆಯೂ ಮರಿ ಹಾಕುತ್ತಲೇ ಇರುತ್ತದೆ. ನಿಮ್ಮ ತೊಟ್ಟಿಯಲ್ಲಿ ಹುಟ್ಟಿದ ಹೆಣ್ಣುಮರಿಗಳನ್ನು ಚಿಕ್ಕದರಲ್ಲೇ ಬೇರೆ ಮಾಡಿ ಇಟ್ಟರೆ ಮಾತ್ರ ಅಪ್ಪ ಯಾರು ಅಂತ ಲೆಕ್ಕ ಸಿಗುತ್ತದೆ.

ಅಂಗಡಿಗಳಲ್ಲಿ ಸಿಗುವ ಇನ್ನೊಂದು ಮೀನು ಮೋಲಿ, ಅದರಲ್ಲಿ ಬೆರಕೆ ಗುರುತಿಸಲು ಬೆನ್ನಿನ ರೆಕ್ಕೆಯ ಕಡ್ಡಿ ಎಣಿಸಬಹುದು. ಮೀನನ್ನು ಗಾಜಿಗೆ ಒತ್ತಿ ಹಿಡಿಯಬೇಡಿ, ಫೋಟೋ ತೆಗೆದು ದೊಡ್ಡದು ಮಾಡಿ ಎಣಿಸಿ. ಮೋಲಿಯಲ್ಲೇ ಬೇರೆ ಬೇರೆ ಜಾತಿಗಳಿವೆ: ಸ್ಫೆನಾಪ್ಸ್ ಜಾತಿಗೆ 8ರಿಂದ 11 ಕಡ್ಡಿ, ಹಾಯಿ ರೆಕ್ಕೆಯ ಲ್ಯಾಟಿಪಿನ್ನಾಗೆ ಅದಕ್ಕಿಂತ ಜಾಸ್ತಿ, ವೆಲಿಫೆರಾಗೆ ಇನ್ನೂ ಜಾಸ್ತಿ. ಅಂಗಡಿಯ ಕಪ್ಪು ಮೋಲಿಗಳಲ್ಲಿ ಈ ಲೆಕ್ಕ ಎರಡರ ನಡುವೆ ಬಂದರೆ ಅಚ್ಚರಿ ಬೇಡ, ಅವು ಬೆರಕೆಯಿಂದಲೇ ಬಂದ ತಳಿಗಳು.

ಪ್ಲಾಟಿ, ಸ್ವೋರ್ಡ್‌ಟೇಲ್ ಅನ್ನುವ ಮೀನುಗಳ ಕಥೆಯೂ ಅದೇ. ಕಾಡಿನ ಸ್ವೋರ್ಡ್‌ಟೇಲ್ ಹಸಿರು ಬಣ್ಣದ್ದು, ಅಂಗಡಿಯ ಕೆಂಪು ಬಂದಿದ್ದು ಪ್ಲಾಟಿಯಿಂದ. ಕಪ್ಪು ಮಚ್ಚೆಯ ಪ್ಲಾಟಿಯನ್ನು ಸ್ವೋರ್ಡ್‌ಟೇಲ್ ಜೊತೆ ಕೂಡಿಸಿದಾಗ ಮರಿಗಳ ಮಚ್ಚೆ ಹರಡುತ್ತದೆ, ಅವನ್ನು ಮತ್ತೆ ಸ್ವೋರ್ಡ್‌ಟೇಲ್‌ಗೇ ಕೂಡಿಸಿದರೆ ಕೆಲವು ಮರಿಗಳಲ್ಲಿ ಮಚ್ಚೆ ಕ್ಯಾನ್ಸರ್ ಗಡ್ಡೆ ಆಗುತ್ತದೆ. 1920ರ ದಶಕದಲ್ಲೇ ವಿಜ್ಞಾನಿಗಳಾದ ಮೈರನ್ ಗಾರ್ಡನ್, ಕುರ್ಟ್ ಕಾಸ್ವಿಗ್ ಇದನ್ನು ಕಂಡಿದ್ದರು. ಮಚ್ಚೆಯನ್ನು ಹತೋಟಿಯಲ್ಲಿಡುವ ಪ್ಲಾಟಿಯ ಜೀನ್ ಬೆರಕೆಯಲ್ಲಿ ಕೈತಪ್ಪುವುದೇ ಕಾರಣ. ಬಾಲದ ಬುಡದಲ್ಲಿ ಕಪ್ಪು ಉಬ್ಬಿದ್ದರೆ ಅದರಿಂದ ಮರಿ ಮಾಡಿಸಬೇಡಿ, ಪಾಪ.

ಎಂಡ್ಲರ್ ಸಾಕುವವರಲ್ಲಿ ಒಂದು ಒಳ್ಳೆ ಪದ್ಧತಿ ಇದೆ. ಎಲ್ಲಿ ಹಿಡಿದದ್ದು ಅಂತ ದಾಖಲೆ ಇದ್ದರೆ ಎನ್ ವರ್ಗ, ನೋಡಲು ಅಪ್ಪಟವಾಗಿದ್ದು ದಾಖಲೆ ಇಲ್ಲದಿದ್ದರೆ ಪಿ ವರ್ಗ, ಬೆರಕೆಯಾದರೆ ಕೆ ವರ್ಗ. ನಾನು ಮರಿ ಕೊಡುವಾಗ ಕವರಿನ ಮೇಲೆ ಕೆ ಅಂತ ಬರೆದೇ ಕೊಡುತ್ತೇನೆ. ನೀವು ಕೊಳ್ಳುವಾಗಲೂ ವರ್ಗ ಯಾವುದು ಅಂತ ಕೇಳಿ, ಆಮೇಲೆ ಹೆಣ್ಣಿನ ಫೋಟೋ ಕಳಿಸಿ ಅನ್ನಿ. ಗಂಡಿನ ಫೋಟೋ ಮಾತ್ರ ಕಳಿಸುವವರ ಹತ್ತಿರ ನಾನು ಅಪ್ಪಟದ ರೇಟು ಕೊಟ್ಟು ತಗೊಳ್ಳುವುದಿಲ್ಲ.